ಸೀರೆಯಲ್ಲಿ ರಸ್ತೆ ಒರೆಸಿದ ಭಾನುವಾರ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ಕಾಟನ್ ಸೀರೆಯೊಂದನ್ನು ಮಡಚಿ ಹಿಡಿದು, ಮಂಡಿಯೂರಿ ಕೂತು ಒರೆಸಿದೆ. ಮನೆಯ ನೆಲವನ್ನಲ್ಲ. ರಸ್ತೆಯನ್ನು.

ನಾನೊಬ್ಬಳೇ ಅಲ್ಲ. ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಬೀದಿಯೇ ಒರೆಸುತ್ತಿತ್ತು. ಯಾರದೋ ಕೈಯಲ್ಲಿ ಪಂಚೆ, ಯಾರದೋ ಕೈಯಲ್ಲಿ ಗೋಣಿಚೀಲ. ಒಬ್ಬರಂತೂ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ಡಾಂಬರಿನ ಮೇಲೆ ಟೇಬಲ್ ಫ್ಯಾನ್ ಇಟ್ಟಿದ್ದರು. ರಸ್ತೆಗೆ ಫ್ಯಾನ್ ಹಾಕಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮೂರಿಗೆ ಅಂತಾರಾಷ್ಟ್ರೀಯ ಸೈಕಲ್ ರೇಸ್ ಬಂತು. ಹತ್ತಾರು ದೇಶಗಳ ಸವಾರರು ರಿಂಗ್ ರೋಡಿನಿಂದ ಒಳಗೆ ಬಂದು, ನಮ್ಮ ಬೀದಿ ಹಾದು, ಒಂಟಿಕೊಪ್ಪಲ್ ಮೇಲೆ ಊರು ದಾಟಿ ಚಾಮುಂಡಿ ಬೆಟ್ಟ ಹತ್ತಬೇಕು. ಅಷ್ಟು ದೊಡ್ಡ ರೇಸು ನಮ್ಮ ಬೀದಿಗೆ ಯಾಕೆ ನುಗ್ಗಬೇಕು? ಅದು ನನಗೂ ಗೊತ್ತಿಲ್ಲ. ರೇಸ್ ತಂದದ್ದು ನಾನೇ ಎಂದು ಒಬ್ಬ ಲೀಡರು ಫ್ಲೆಕ್ಸ್ ಹಾಕಿಸಿದರು. ಅದರ ಎದುರಿಗೇ, ನಿಜವಾಗಿ ತಂದವನು ನಾನು ಎಂದು ಇನ್ನೊಬ್ಬರು ಅದಕ್ಕಿಂತ ದೊಡ್ಡ ಫ್ಲೆಕ್ಸ್ ಹಾಕಿಸಿದರು. (ಎರಡರಲ್ಲೂ ಸೈಕಲ್ ಮಾತ್ರ ಚಿಕ್ಕದಾಗಿತ್ತು.)

ನಿಜ ಹೇಳಬೇಕೆಂದರೆ, ಈ ವಾರದ ಅಂಕಣದಲ್ಲಿ ಚೆನ್ನಾಗಿ ಬೈದು ಬರೆಯೋಣ ಅಂತಲೇ ಇದ್ದೆ. ಸರಕೇನೂ ಕಡಿಮೆ ಇರಲಿಲ್ಲ. ಖಾಲಿ ಸೈಟಿನಲ್ಲಿದ್ದ ಕಸದ ರಾಶಿಯನ್ನು ಎತ್ತುವ ಬದಲು ಅದಕ್ಕೆ ಹಸಿರು ಬಟ್ಟೆಯ ಪರದೆ ಕಟ್ಟಿದ್ದರು. ಸೊಪ್ಪಿನ ಗಾಡಿಯವರಿಗೆ ವಾರ ಪೂರ್ತಿ ಇತ್ತ ಕಡೆ ತಲೆ ಹಾಕಬೇಡಿ ಎಂದಿದ್ದರು. ದೊಡ್ಡ ದೊಡ್ಡ ದೇಶಗಳಲ್ಲೂ ಇದೇ ಕಥೆಯಂತೆ. ಪ್ರಪಂಚದ ಆಟ ಬರುತ್ತದೆ ಎಂದರೆ ಮೊದಲು ಬಡವರ ಬೀದಿಗೆ ಪರದೆ, ಆಮೇಲೆ ಪಟಾಕಿ. ಆಟ ಮುಗಿದು ಅತಿಥಿಗಳು ಹೋದ ಮೇಲೆ ಉಳಿಯುವುದು ಬೀಗ ಹಾಕಿದ ಸ್ಟೇಡಿಯಂ ಮತ್ತು ಸಾಲ. ಇಷ್ಟನ್ನು ತಲೆಯಲ್ಲೇ ಬರೆದು ಮುಗಿಸಿದ್ದೆ.

ಅಷ್ಟರಲ್ಲಿ ಪುಟ್ಟಸ್ವಾಮಣ್ಣ ಗೇಟಿನಿಂದ ಹೊರಗೆ ಬಂದರು.

ಪುಟ್ಟಸ್ವಾಮಣ್ಣ ನಮ್ಮ ಪಕ್ಕದ ಮನೆಯವರು. ಬಸ್ ಡ್ರೈವರ್ ಆಗಿದ್ದವರು. ಸರ್ವೀಸಿನ ಬಹುಪಾಲನ್ನು ಬೆಟ್ಟದ ರೂಟಿನಲ್ಲೇ ಕಳೆದವರು. ರಿಟೈರಾದ ಮೇಲೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಹೋದವು. ಮಗಳು ವೀಲ್‌ಚೇರ್ ತಂದುಕೊಟ್ಟಳು. ಆದರೆ ವೀಲ್‌ಚೇರನ್ನು ಉರುಳಿಸುವುದು ಎಲ್ಲಿ? ಪೈಪಿಗೆಂದು ಅಗೆದು, ಜಲ್ಲಿ ಸುರಿದು ಬಿಟ್ಟು ಹೋದ ಬೀದಿ ನಮ್ಮದು. ಮುಂದಿನ ಸಣ್ಣ ಚಕ್ರ ಜಲ್ಲಿಯಲ್ಲಿ ಹೂತುಕೊಂಡರೆ ಎತ್ತಲು ನಾಲ್ಕು ಜನ ಬೇಕು. ಒಂದೆರಡು ಸಲ ಹಾಗೆ ಆದ ಮೇಲೆ ಅವರು ಗೇಟಿನಾಚೆ ಬರುವುದನ್ನೇ ನಿಲ್ಲಿಸಿಬಿಟ್ಟರು. ನಾವು ಅರ್ಜಿ ಕೊಟ್ಟೆವು, ಫೋನ್ ಮಾಡಿದೆವು, ಫೋಟೋ ಕಳಿಸಿದೆವು. ಬಂದು ನೋಡಿಕೊಂಡು ಹೋದವರಿಗೆ ಕಾಫಿಯನ್ನೂ ಕೊಟ್ಟೆವು.

ರೇಸ್ ಬರುತ್ತದೆ ಎಂದ ಕೂಡಲೇ ರೋಲರ್ ಬಂತು. ಒಂದೇ ವಾರದಲ್ಲಿ ಬೀದಿ ಕನ್ನಡಿಯಂತಾಯಿತು.

ಡಾಂಬರು ಆರಿದ ಸಂಜೆ ಅವರ ಹೆಂಡತಿ ಜಯಮ್ಮ ಮೆಟ್ಟಿಲಿಗೆ ಹಲಗೆ ಹಾಸಿ ಗಂಡನನ್ನು ನಿಧಾನವಾಗಿ ಕೆಳಗಿಳಿಸಿದರು. ಪುಟ್ಟಸ್ವಾಮಣ್ಣ ಎಡಗೈಯಲ್ಲೇ ಚಕ್ರ ತಿರುಗಿಸಿ ನೋಡಿದರು. ಕುರ್ಚಿ ಸೊಟ್ಟಗೆ ತಿರುಗಿತು, ಆದರೆ ಉರುಳಿತು. ಹಿಂದಿನಿಂದ ಜಯಮ್ಮ ತಳ್ಳಿದರು. ಬೀದಿಯ ತುದಿಯವರೆಗೆ ಹೋಗಿ ಬಂದರು. ನಾನು ಗೇಟಿನಲ್ಲೇ ನಿಂತಿದ್ದೆ.

"ಏನಣ್ಣ, ಹೇಗಿದೆ ರಸ್ತೆ?" ಎಂದೆ.

"ಗೇರೇ ಹಾಕಂಗಿಲ್ಲ ಕಣಮ್ಮ, ಅಂಗೇ ಹೋಯ್ತದೆ" ಎಂದರು.

ನನಗೆ ಕಣ್ಣು ತುಂಬಿ ಬಂತು. ಬೈಗುಳದ ಅಂಕಣ ಅರ್ಧ ಅಲ್ಲಿಗೇ ಕರಗಿತು.

ಅವರಿಗೆ ಒಂದೇ ಆಸೆ. ಆ ಸವಾರರನ್ನು ಕಣ್ಣಾರೆ ನೋಡಬೇಕು. ಮಗಳು ಫೋನಿನಲ್ಲಿ, "ಅಪ್ಪ, ಲೈವ್ ಬರುತ್ತೆ, ಮನೇಲೇ ಕೂತು ನೋಡಿ" ಎಂದಿದ್ದಳಂತೆ. ಅದನ್ನು ನನಗೆ ಹೇಳಿ ಪುಟ್ಟಸ್ವಾಮಣ್ಣ ತಲೆಯಾಡಿಸಿದರು.

"ಟೀವೀಲಿ ನೋಡಿದ್ದು ಸಾಕು. ಆ ಬೆಟ್ಟದ ತಿರುವ್ನಲ್ಲಿ ನನ್ನ ಬಸ್ಸೇ ಏದುಸ್ರು ಬುಡ್ತಿತ್ತು. ಅದನ್ನ ಕಾಲಲ್ಲಿ ತುಳ್ಕಂಡು ಹತ್ತೋರ ಮುಖ ಎಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು."

ಅದಕ್ಕೇನು, ರೇಸ್ ಮನೆ ಮುಂದೆಯೇ ಹೋಗುತ್ತದಲ್ಲ? ಇನ್ನೇನು ಬೇಕು?

ಬೇಕಾಗಿತ್ತು. ನಮ್ಮವರಿಗೆ ಸ್ವಾಗತ ಮಾಡಬೇಕಾಗಿತ್ತು.

ಭಾನುವಾರ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಜಯಮ್ಮ ಬಾಗಿಲು ತಟ್ಟಿ, "ಎದ್ದಿದ್ದೀರಾ ಅಕ್ಕ? ನಿಮ್ಮ ಮನೆ ಪೈಪ್ ಕೊಡಿ" ಎಂದರು. ಹೊರಗೆ ಬಂದು ನೋಡಿದರೆ ಬೀದಿಯ ಹೆಂಗಸರೆಲ್ಲ ಪೊರಕೆ, ಬಕೆಟ್ಟು ಹಿಡಿದು ನಿಂತಿದ್ದಾರೆ. ಹೊರದೇಶದಿಂದ ಜನ ಮನೆ ಬಾಗಿಲಿಗೆ ಬರುತ್ತಿದ್ದಾರೆ. ಬಾಗಿಲಿಗೆ ನೀರು ಹಾಕದೆ, ರಂಗೋಲಿ ಬಿಡದೆ ಬರಮಾಡಿಕೊಳ್ಳುವುದುಂಟೇ? ಬಾಗಿಲು ಎಂದರೆ ಇವತ್ತು ಇಡೀ ಬೀದಿ. ಹಾಗಾಗಿ ಇಡೀ ಬೀದಿಯನ್ನು ತೊಳೆದೆವು. ಗುಡಿಸಿದೆವು. ಈ ಅಂಚಿನಿಂದ ಆ ಅಂಚಿಗೆ ಬಣ್ಣದ ಪುಡಿಯಲ್ಲಿ ಕಮಲ, ನವಿಲು, ನಡುವೆ ದೊಡ್ಡದಾಗಿ 'ಸುಸ್ವಾಗತ'. (ನವಿಲಿನ ಕತ್ತು ನಾನು ಬಿಡಿಸಿದ್ದು. ಚೆನ್ನಾಗಿಯೇ ಬಂದಿತ್ತು.)

ಅಷ್ಟು ಹೊತ್ತಿಗೆ ರೇಸಿನ ದಾರಿ ನೋಡಿಕೊಳ್ಳುವ ಅಧಿಕಾರಿಯೊಬ್ಬರು ಬೈಕಿನಲ್ಲಿ ಬಂದರು. ತಿರುವಿನಲ್ಲೇ ಗಕ್ಕನೆ ಬ್ರೇಕ್ ಹಾಕಿದರು. ಬೈಕು ಸ್ವಲ್ಪ ಜಾರಿತು. ಅವರ ಮುಖದ ಬಣ್ಣ ಹೋಯಿತು.

"ಯಾರ್ರೀ ಇದಕ್ಕೆ ನೀರು ಹಾಕಿದ್ದು?"

ಜಯಮ್ಮ ಕೈಯಲ್ಲಿದ್ದ ಪೈಪನ್ನು ಮೆಲ್ಲಗೆ ಕೆಳಗಿಟ್ಟರು.

"ಸೈಕಲ್ ಟೈರು ಎಷ್ಟು ಸಣ್ಣ ಇರುತ್ತೆ ಗೊತ್ತಾ ನಿಮಗೆ? ಹೊಸ ಡಾಂಬರು, ಅದರ ಮೇಲೆ ನೀರು, ಅದರ ಮೇಲೆ ಪುಡಿ. ಒಬ್ಬ ಜಾರಿದ್ರೆ ಹಿಂದಿರೋ ಅಷ್ಟೂ ಜನ ಅವನ ಮೇಲೆ ಬೀಳ್ತಾರೆ. ಇನ್ನೇನು ಇನ್ಸ್‌ಪೆಕ್ಷನ್ ಮೇಡಂ ಬರ್ತಾರೆ. ಇದನ್ನ ನೋಡಿದ್ರೆ ರೂಟನ್ನೇ ಮೇನ್ ರೋಡಿಗೆ ತಿರುಗಿಸಿಬಿಡ್ತಾರೆ."

ಮೇನ್ ರೋಡು. ಜಯಮ್ಮ ತಿರುಗಿ ಗಂಡನ ಕಡೆ ನೋಡಿದರು. ಪುಟ್ಟಸ್ವಾಮಣ್ಣ ಆಗಲೇ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಗೇಟಿನ ಹೊರಗೆ ವೀಲ್‌ಚೇರಿನಲ್ಲಿ ಕೂತುಬಿಟ್ಟಿದ್ದರು. ಮೇನ್ ರೋಡಿಗೆ ಅವರು ಹೋಗುವುದು ಹೇಗೆ? ಬೆಳಿಗ್ಗೆಯಿಂದ ಅಲ್ಲಿ ಬ್ಯಾರಿಕೇಡು. ಆಟೋ ಬಿಡುವುದಿಲ್ಲ. ಹೋಗುವ ಅಡ್ಡದಾರಿಯಲ್ಲಿ ಜಲ್ಲಿ ಹಾಗೇ ಇದೆ.

ಪುಟ್ಟಸ್ವಾಮಣ್ಣ ಕುರ್ಚಿಯ ಬ್ರೇಕ್ ಹಾಕಿಕೊಂಡು ಕೂತರು.

ಜಯಮ್ಮ ಒಳಗೆ ಹೋಗಿ ಒಂದು ಹೊರೆ ಹಳೆ ಬಟ್ಟೆ ತಂದು ರಸ್ತೆಯ ಮೇಲೆ ಸುರಿದರು. ಪೊರಕೆ ತಗೊಂಡು ಅವರೇ ಮೊದಲು 'ಸುಸ್ವಾಗತ'ವನ್ನು ಗುಡಿಸಿಹಾಕಿದರು. ಆಮೇಲೆ ಮಂಡಿಯೂರಿ ಒರೆಸಲು ಶುರು ಮಾಡಿದರು. ಅವರ ಪಕ್ಕದಲ್ಲಿ ನಾನು ಕೂತೆ, ನನ್ನ ಪಕ್ಕದಲ್ಲಿ ಇನ್ನೊಬ್ಬರು. ಗಂಡಸರೂ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಅಂಗಡಿಯಿಂದ ಗೋಣಿಚೀಲ ಬಂದವು. ಡ್ಯೂಟಿಯಲ್ಲಿದ್ದ ಕಾನ್‌ಸ್ಟೇಬಲ್ ಆ ಕಡೆ ಈ ಕಡೆ ನೋಡಿ, ಟೋಪಿ ತೆಗೆದು ನಮ್ಮ ಕಾಂಪೌಂಡಿನ ಮೇಲಿಟ್ಟು, "ಕೊಡಿ ಇತ್ಲಾಗೆ ಒಂದು ಬಟ್ಟೆ" ಎಂದ.

ಅಷ್ಟರಲ್ಲಿ ಅಧಿಕಾರಿಯ ಫೋನು ರಿಂಗಾಯಿತು. ಅವರು ನಮ್ಮನ್ನು ನೋಡಿದರು, ಟೇಬಲ್ ಫ್ಯಾನ್ ನೋಡಿದರು, ಗೇಟಿನ ಹತ್ತಿರ ಕೂತಿದ್ದ ಪುಟ್ಟಸ್ವಾಮಣ್ಣನನ್ನು ನೋಡಿದರು. "ಏನಿಲ್ಲ ಸಾರ್, ಯಾವುದೋ ಪೈಪ್ ಲೀಕು. ಸ್ವಲ್ಪ ಟೈಮ್ ಕೊಡಿ, ಕ್ಲಿಯರ್ ಮಾಡಿಸ್ತೀನಿ" ಎಂದರು. ಫೋನ್ ಇಟ್ಟು ನಮ್ಮ ಕಡೆ ತಿರುಗಿ, "ಆ ಮೂಲೆ ಇನ್ನೂ ಒದ್ದೆ ಇದೆ ನೋಡಿ" ಎಂದರು. ಆ ಸುಳ್ಳಿಗೆ ನಾನು ಜನ್ಮಪೂರ್ತಿ ಋಣಿ.

ಬಿಸಿಲೂ ಬಂತು, ಇನ್ಸ್‌ಪೆಕ್ಷನ್ ಮೇಡಮ್ಮೂ ಬಂದರು. ಯಾವ ದೇಶದವರೋ ತಿಳಿಯದು, ಎತ್ತರದ ಹೆಂಗಸು. ಬೈಕಿನಿಂದ ಇಳಿದು, ಗ್ಲೌಸ್ ತೆಗೆದು, ತಿರುವಿನಲ್ಲಿ ಬಗ್ಗಿ ಅಂಗೈಯಿಂದ ರಸ್ತೆ ಸವರಿದರು. ಬೆರಳು ಉಜ್ಜಿ ನೋಡಿಕೊಂಡರು. ನಾವೆಲ್ಲ ಒದ್ದೆ ಬಟ್ಟೆಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆವು. ಅವರು ನಮ್ಮ ಮಂಡಿಗಳ ಮೇಲಿನ ಕೆಂಪು, ಹಳದಿ ಪುಡಿಯನ್ನು ನೋಡಿದರು. ಸ್ವಲ್ಪ ನಕ್ಕಂತಾಯಿತು. ಹೆಬ್ಬೆರಳು ಎತ್ತಿ ತೋರಿಸಿ ಹೊರಟುಹೋದರು.

ಜಯಮ್ಮ ಅಲ್ಲೇ ರಸ್ತೆಯ ಅಂಚಿನಲ್ಲಿ ಕುಸಿದು ಕೂತರು. ಅಳುತ್ತಿದ್ದರು, ನಗುತ್ತಲೂ ಇದ್ದರು.

ರೇಸ್ ಹೇಗಿತ್ತು ಎಂದು ಕೇಳುತ್ತೀರಾ? ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಝುಂಯ್ ಎಂದು ಒಂದು ಸದ್ದು, ಬಣ್ಣಬಣ್ಣದ ಬೆನ್ನುಗಳು, ಆಮೇಲೆ ಖಾಲಿ ರಸ್ತೆ. "ಇಷ್ಟೇನಾ?" ಎಂದರು ಯಾರೋ. ಮುಖ ನೋಡಲು ಯಾರಿಗೂ ಆಗಲಿಲ್ಲ, ಪುಟ್ಟಸ್ವಾಮಣ್ಣನಿಗೂ ಆಗಲಿಲ್ಲ.

ಆಗ ಬಂದ ಕೊನೆಯವನು. ಗುಂಪಿನಿಂದ ಎಷ್ಟೋ ಹಿಂದೆ ಉಳಿದಿದ್ದ, ಬಾಯಿ ತೆರೆದು ಉಸಿರು ಬಿಡುತ್ತಿದ್ದ. ಒಂದು ಮೊಣಕೈ ತರಚಿಕೊಂಡಿತ್ತು. ಎಲ್ಲೋ ಬಿದ್ದು ಎದ್ದು ಬಂದಿರಬೇಕು. (ನಮ್ಮ ಬೀದಿಯಲ್ಲಂತೂ ಅಲ್ಲ.) ಪುಟ್ಟಸ್ವಾಮಣ್ಣ ಎಡಗೈ ಎತ್ತಿ, ಡ್ರೈವರುಗಳು ಎದುರಿನ ಗಾಡಿಗೆ ದಾರಿ ಬಿಟ್ಟು ಸನ್ನೆ ಮಾಡುತ್ತಾರಲ್ಲ, ಹಾಗೆ ಆಡಿಸಿದರು.

"ಮುಂದ್ಕೆ ತಿರುವೈತೆ, ಉಸಾರು ಕಣಪ್ಪ. ಬೆಟ್ಟದ ತಾವ ಆತುರ ಬೀಳ್ಬೇಡ" ಎಂದರು.

ಅವನಿಗೆ ಏನು ಅರ್ಥವಾಯಿತೋ. ಹ್ಯಾಂಡಲ್ ಬಿಡದೆ ಎರಡು ಬೆರಳು ಎತ್ತಿದ, ಇವರ ಮುಖ ನೋಡಿ ನಕ್ಕ. ಇವರೂ ಅವನ ಮುಖವನ್ನು ಚೆನ್ನಾಗಿ ನೋಡಿದರು.

ಹಾಗಾಗಿ ಈ ವಾರ ಬೈಗುಳವಿಲ್ಲ. ನಿಧಾನವಾಗಿ ಬಂದ ಆ ಹುಡುಗನಿಗೆ ಥ್ಯಾಂಕ್ಸ್. ಟೋಪಿ ತೆಗೆದಿಟ್ಟ ಕಾನ್‌ಸ್ಟೇಬಲ್‌ಗೆ, ಸುಳ್ಳು ಹೇಳಿದ ಅಧಿಕಾರಿಗೆ, ಅಂಗೈಯಿಂದ ನಮ್ಮ ಬೀದಿ ಮುಟ್ಟಿ ನೋಡಿದ ಆ ಹೆಂಗಸಿಗೆ ಥ್ಯಾಂಕ್ಸ್. ಎರಡು ಫ್ಲೆಕ್ಸ್‌ಗಳ ಲೀಡರುಗಳಿಗೂ ಇರಲಿ. ಯಾರು ತಂದರೋ, ಯಾಕೆ ತಂದರೋ, ರಸ್ತೆಯಂತೂ ಬಂತು. ಪ್ರಪಂಚದ ಆಟಗಳು ಬಂದರೆ ಊರಿಗೆ ಲಾಭವೋ ನಷ್ಟವೋ ಎಂದು ತಿಳಿದವರು ಚರ್ಚೆ ಮಾಡುತ್ತಿರಲಿ. ನಮ್ಮ ಪಕ್ಕದ ಮನೆಯ ಲೆಕ್ಕದಲ್ಲಿ ಲಾಭವೇ. ಪುಟ್ಟಸ್ವಾಮಣ್ಣ ಈಗ ದಿನಾ ಸಂಜೆ ಬೀದಿ ತುದಿಗೆ ಹೋಗಿ ಟೀ ಕುಡಿದು ಬರುತ್ತಾರೆ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಕುರ್ಚಿ ತಳ್ಳುವ ಕೆಲಸ ನನ್ನದು. ತುದಿಯ ತಿರುವಿಗೆ ಬಂದಾಗ "ಇಲ್ಲಿ ನಿಲ್ಸಮ್ಮ" ಎಂದರು. ರೇಸ್ ಬಲಕ್ಕೆ ತಿರುಗಿದ ಜಾಗ ಅದು. ಡಾಂಬರೂ ಬಲಕ್ಕೇ ತಿರುಗಿದೆ. ಎಡಗಡೆಯ ಬೀದಿಗೆ ಒಂದಡಿ ಕೂಡ ಹೋಗಿಲ್ಲ. ಅಲ್ಲಿ ಅದೇ ಜಲ್ಲಿ, ಅದೇ ಗುಂಡಿ.

ಅವರು ಎಡಗೈ ಎತ್ತಿ ಆ ಜಲ್ಲಿಯ ಆಚೆಗೆ ತೋರಿಸಿದರು.

"ಆ ಮೂರನೇ ಮನೇಲಿ ಸಾಕಮ್ಮ ಅಂತ ಅವ್ರೆ. ಸೊಂಟ ಮುರ್ಕಂಡು, ನನ್ನಂಗೇ ಕುರ್ಚೀಲಿ ಕುಂತವ್ರೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ತಮಾಷೆಯಲ್ಲ, ನಿಜವಾಗಿಯೇ ಕೇಳಿದರು:

"ಪೇಪರ್‌ನಲ್ಲಿ ಬರೀತೀಯಲ್ಲಮ್ಮ, ನೀನೇ ಹೇಳು. ಅವರ ಬೀದಿಗೆ ಯಾವ ದೇಸದೋರನ್ನ ಕರೆಸಾನ?"