ಗೆರೆ ಎಳೆದದ್ದಕ್ಕೆ ಕಾರಣ

ಬಾಳಗಡಿಯ ಲ್ಯಾಬಿನಲ್ಲಿ ನನಗೆ ಕಾಳುಮೆಣಸಿನ ಪರೀಕ್ಷೆ ಕಲಿಸಿದ ಹಿರಿಯರು, ಮೌಸ್ ಹಿಡಿಯುವ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಮೆಣಸಿನಲ್ಲಿ ಕೀಟನಾಶಕ ಉಳಿದಿದ್ದರೆ ಪರದೆಯ ಮೇಲೆ ಸಣ್ಣ ಗುಡ್ಡದ ಹಾಗೆ ಪೀಕ್ ಏಳುತ್ತದೆ. ಅದರ ಬುಡದ ಗೆರೆಯನ್ನು ಮೇಲಕ್ಕೆಳೆದರೆ ಪೀಕ್ ಕುಗ್ಗಿ, ವರದಿಯಲ್ಲಿ ಕೀಟನಾಶಕ ಕಡಿಮೆ ಕಾಣುತ್ತದೆ. ಆದರೆ ಹಾಗೆ ಎಳೆದಾಗಲೆಲ್ಲ ಸಾಫ್ಟ್‌ವೇರ್ ಕಾರಣ ಕೇಳುತ್ತದೆ. ನಾನು ಏನೋ ಒಂದು ಬರೆದರೆ, "ಇದ್ದ ಕಾರಣ ಬರಿ ಮಾರಾಯ" ಎನ್ನುತ್ತಿದ್ದರು.

ಒಮ್ಮೆ ಅವರ ಅಣ್ಣನ ಮೆಣಸೇ ಬಂತು. ಪೀಕ್ ಮಿತಿ ದಾಟಿತ್ತು. ಅಣ್ಣ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಇವರು ಗೆರೆ ಎಳೆದರು. ಕಾರಣದ ಖಾನೆಯ ಮುಂದೆ ತುಂಬ ಹೊತ್ತು ಕೂತು, "ನನ್ನ ಅಣ್ಣನ ಮೆಣಸು" ಎಂದು ಬರೆದರು. ಬರೆದದ್ದನ್ನು ಓದಿದರು. ಗೆರೆಯನ್ನು ಮೊದಲಿದ್ದ ಜಾಗಕ್ಕೇ ತಂದರು.

ಸಾಫ್ಟ್‌ವೇರ್ ಮತ್ತೆ ಕಾರಣ ಕೇಳಿತು. ಈ ಸಲ ಯೋಚಿಸದೆ ಅದೇ ಮೂರು ಪದ ಬರೆದು, ವರದಿ ಹಿಡಿದು ಹೊರಗೆ ಹೋದರು.