ಹೊತ್ತು ಮುಳುಗುವ ಮೊದಲಿನ ಜೆಲ್ಲಿ

ಸಂಜೆ ಐದು ಗಂಟೆ. ಇವತ್ತಿನ ದಿನ ಮಕ್ಕಳಿಗೆ ಮೂರು ಬಣ್ಣದ ಜೆಲ್ಲಿ ಮಾಡುವುದರಲ್ಲೇ ಕಳೆಯಿತು. ಚೈನಾ ಗ್ರಾಸ್ ಕುದಿಯುವ ವಾಸನೆಗೆ ಇಚಲಕರಂಜಿಯ ನಮ್ಮ ಹಳೆಯ ಅಡುಗೆಮನೆ ಕಣ್ಣೆದುರು ಬಂತು.

ನಾನು ಚಿಕ್ಕವಳಿದ್ದಾಗ ಒಂದು ಸಂಜೆ ಅವ್ವ ಕೆಂಪು ಪದರದ ಮೇಲೆ ಹಾಲಿನದು, ಅದರ ಮೇಲೆ ದ್ರಾಕ್ಷಿ ಹಾಕಿದ ಹಸಿರು ಸುರಿದು, ತಾಟನ್ನು ತಣ್ಣೀರು ತುಂಬಿದ ಅಗಲ ಪರಾತದಲ್ಲಿ ಇಟ್ಟಿದ್ದಳು. ಹಸಿರು ಗಟ್ಟಿಯಾಗುವಷ್ಟರಲ್ಲಿ ಹೊತ್ತು ಮುಳುಗಿತು. ಜೈನರಾದ ನಮ್ಮಲ್ಲಿ ದೊಡ್ಡವರು ಆಮೇಲೆ ಏನೂ ತಿನ್ನುವುದಿಲ್ಲ.

"ಅವ್ವಾ, ಒಂದ ಚಮಚಾ ತಿನ್ನ. ಸೂರ್ಯಪ್ಪಗ ಗೊತ್ತಾಗೂದಿಲ್ಲ."

"ನನಗ ಗೊತ್ತಾಗತೈತಲ್ಲ, ಹುಚ್ಚಿ! ನೀ ತಿನ್ನ."

ನಾನು ತಿನ್ನಲಿಲ್ಲ. ಬೆಳಿಗ್ಗೆ ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಕೂತು, ನೀರು ಬಿಟ್ಟಿದ್ದ ಆ ಜೆಲ್ಲಿಯನ್ನು ಒಂದೇ ತಾಟಿನಲ್ಲಿ ತಿಂದೆವು. ಎಳೆಬಿಸಿಲು ಅದರೊಳಗೆ ಹಸಿರಾಗಿ ನಡುಗುತ್ತಿತ್ತು.

ಇಂದು ಜೆಲ್ಲಿ ಫ್ರಿಜ್ಜಿನಲ್ಲಿ ಬೇಗ ಗಟ್ಟಿಯಾಯಿತು. ಮಕ್ಕಳು ತಿಂದು ಆಡಲು ಹೋದರು. ಇನ್ನೂ ಬಿಸಿಲಿದೆ. ನಾಳೆಗೆ ಅವ್ವ ತೀರಿ ಒಂದು ತಿಂಗಳು.