ಸುಡದ ಶಿವದಾರ

ಮಂಗಳಾ, ಆ ಪದಕ ನನ್ನದಲ್ಲ. ಅದರ ಅಂಚಿನಲ್ಲಿ ಕೊರೆದಿರುವುದು ನನ್ನ ಹೆಸರೇ, ನಿಜ. ಆದರೆ ಅದನ್ನು ಸಂಪಾದಿಸಿದವನು ನಿನ್ನ ಅಜ್ಜಿಯ ಅಣ್ಣ ಮಾದೇವ. ಅವನು ಹೆದರಿ ಓಡುವಾಗ ಸತ್ತ ಎಂದು ಕುದೇರಿನಲ್ಲಿ ಇವತ್ತಿಗೂ ಹೇಳುತ್ತಾರೆ — ಹಾಗೆ ಮೊದಲು ಹೇಳಿದವನು ನಾನು. ಹೆದರಿದವನೂ ನಾನೇ.

ಹೋದ ವಾರ ನೀನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದು, ಹೈಸ್ಕೂಲಿನ ಮಕ್ಕಳಿಗೆ ಈ ಪದಕದ ಕಥೆ ಪಾಠ ಮಾಡಬೇಕು ಎಂದು ನನ್ನ ಈರುಳ್ಳಿ ಮಂಡಿಯಲ್ಲಿ ಕುಳಿತೆಯಲ್ಲ, ಆಗಿನಿಂದ ನಾನು ಮಂಡಿಯ ಕಡೆ ಹೋಗಿಲ್ಲ. ಫೋನ್ ಬಡಿದುಕೊಂಡರೆ ಎತ್ತುವುದಿಲ್ಲ. ನೀನು ಪದಕದ ಎರಡೂ ಮುಖದ ಫೋಟೋ ತೆಗೆದೆ. ಎಲ್ಲಿ, ಯಾವಾಗ, ಹೇಗೆ ಎಂದು ವಿಚಾರಿಸಿದೆ. ಹೇಳಿ ಹೇಳಿ ನಯವಾಗಿದ್ದ ಸುಳ್ಳನ್ನೇ ನಿನಗೂ ಒಪ್ಪಿಸಿದೆ. ಏಳುವಾಗ ನೀನು ಸುಮ್ಮನೆ ಎಂಬಂತೆ ಕೇಳಿದೆ:

"ತಾತ, ಮಾದೇವಜ್ಜನ ಮೈಯೆಲ್ಲ ಸುಟ್ಟೋಗಿತ್ತು, ಲಿಂಗ ಮೈಮೇಲೇ ಸಿಕ್ತು ಅಂತೀರ. ಅವರ ಲಿಂಗದ ಕರಡಿಗೆ ಬೆಳ್ಳೀದು, ಅದು ಬುಡಿ. ನೂಲಿನ ಶಿವದಾರನೂ ಸುಟ್ಟಿರ್ಲಿಲ್ವಂತೆ, ನಮ್ಮಜ್ಜಿ ನೋಡವ್ಳೆ. ಅದ್ಯಂಗೆ?"

"ಕಾಫಿ ಆರೋಯ್ತದೆ, ಕುಡಿ ಕಣಮ್ಮಿ" ಎಂದೆ. ಪದಕವನ್ನು ಎತ್ತಿ ಗಲ್ಲಾಪೆಟ್ಟಿಗೆಯೊಳಗಿಟ್ಟೆ.

ಎಪ್ಪತ್ತೊಂದರ ಯುದ್ಧ. ಕುದೇರಿನಲ್ಲಿ ಜೊತೆಯಾಗಿ ಬೆಳೆದು, ಎಸ್ಸೆಸ್ಸೆಲ್ಸಿ ಮುಗಿಸಿ ಒಟ್ಟಿಗೇ ವಾಯುಪಡೆ ಸೇರಿದವರು ನಾವು. ನೆಲದ ಮೇಲೆ ವಿಮಾನ ಸಜ್ಜುಮಾಡುವ ಕೆಲಸ. ಒಂದು ಸಂಜೆ ಬಾಂಬು ಬಿತ್ತು. ಇಬ್ಬರೂ ಕಂದಕಕ್ಕೆ ಹಾರಿದೆವು. ನನಗೆ ಹಲ್ಲು ಕಟಕಟ ಎನ್ನುತ್ತಿತ್ತು.

"ಯಾಕ್ಲಾ ಪುಟ್ಬಸ, ಒಳ್ಳೆ ತೊಯ್ದ ಕೋಳಿ ಆಗೋದ್ಯಲ್ಲ!" ಎಂದು ಮಾದೇವ ನಕ್ಕ. ಆ ಹೊತ್ತಿನಲ್ಲೂ ನಕ್ಕ.

ಎದುರಿನ ವಿಮಾನಕ್ಕೆ ಬೆಂಕಿ ಹತ್ತಿತು. ಒಳಗೆ ಪೈಲಟ್ ಇದ್ದ. ಮಾದೇವ ಕೊರಳಿನಿಂದ ಲಿಂಗದ ಕರಡಿಗೆಯನ್ನು ಅದರ ಶಿವದಾರದ ಸಮೇತ ತೆಗೆದ. ನಮ್ಮವರಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ, ಮಣ್ಣಿಗೆ ಹೋಗುವಾಗಲೂ ಅಂಗೈಯಲ್ಲಿರಬೇಕು. ಸ್ನಾನಕ್ಕೂ ಅದನ್ನು ಬಿಚ್ಚದವನು ಕರಡಿಗೆಯನ್ನು ನನ್ನ ಮುಷ್ಟಿಗೆ ತುರುಕಿದ.

"ಸುಟ್ರೆ ನಾನು ಸುಡ್ಲಿ, ಇದು ಬ್ಯಾಡ. ಇಟ್ಕಂಡಿರ್ಲಾ, ಬಂದ್ಬುಡ್ತೀನಿ."

ಪೈಲಟ್‌ನನ್ನು ಎಳೆದು ತಂದು ಕಂದಕದ ಅಂಚಿನಲ್ಲಿ ಮಲಗಿಸಿದ. ಗೇಟಿನ ಕಡೆ ಇಂಧನದ ಲಾರಿಯಲ್ಲಿ ಡ್ರೈವರ್ ಸಿಕ್ಕಿಕೊಂಡು ಕೂಗುತ್ತಿದ್ದ. ಮಾದೇವ ನನ್ನನ್ನೂ ಬಾ ಎಂದು ಕರೆದ — ನಾನು ಏಳಲಿಲ್ಲ. ಅವನೊಬ್ಬನೇ ಅತ್ತ ಓಡಿದ. ಲಾರಿ ಸಿಡಿಯಿತು, ಇಬ್ಬರೂ ಹೋದರು.

ಅಧಿಕಾರಿಗಳು ಬಂದಾಗ ನಾನು ಪ್ರಜ್ಞೆ ತಪ್ಪಿದ್ದ ಪೈಲಟ್‌ನನ್ನು ಕಂದಕದೊಳಕ್ಕೆ ಎಳೆದುಕೊಳ್ಳುತ್ತಿದ್ದೆ. ಉಳಿಸಲು ಅಲ್ಲ ಮಗು — ಅಲ್ಲಿ ಒಬ್ಬನೇ ಇರಲಾರದೆ. ಇವರನ್ನು ತಂದವನು ನೀನೇನಾ ಎಂದರು. ತಲೆಯಾಡಿಸಿದೆ. ನಿನ್ನ ಜೊತೆಗಾರ ಗೇಟಿನ ಹತ್ತಿರ ಯಾಕೆ ಸತ್ತು ಬಿದ್ದಿದ್ದಾನೆ ಎಂದರು. ನಿಜ ಹೇಳಿದರೆ, ನೀನೇಕೆ ಹೋಗಲಿಲ್ಲ ಎಂದು ಕೇಳುತ್ತಾರೆ — ಅಷ್ಟೇ ತಲೆಯಲ್ಲಿದ್ದದ್ದು.

"ಹೆದರಿ ಓಡಿಹೋದ, ಸರ್."

ಹೆಣ ಊರಿಗೆ ಬರಲಿಲ್ಲ; ಕರಡಿಗೆಯನ್ನು ಕುದೇರಿಗೆ ನಾನೇ ತಂದುಕೊಟ್ಟೆ. ಮೈಮೇಲೆ ಸಿಕ್ಕಿತು ಎಂದೆ. ಮಾದೇವನ ಅವ್ವ ಶಿವದಾರವನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಹೊಲದಲ್ಲಿ ಗುಂಡಿ ತೋಡಿಸಿ, ಮಗನಿಲ್ಲದೆ ಲಿಂಗವೊಂದನ್ನೇ ಮಣ್ಣು ಮಾಡಿಸಿದಳು. ಅದೇ ಊರಿನವರು ನನ್ನನ್ನು ಜಗಲಿಯ ಮೇಲೆ ನಿಲ್ಲಿಸಿ ಹಾರ ಹಾಕಿದ ದಿನ, ಮಗನ ಜೊತೆಯವನನ್ನು ನೋಡಲು ಅವಳೂ ಮುಂದೆ ಬಂದಳು. "ದಾರಿ ಬುಡ್ರಪ್ಪೋ, ಓಡೋದವ್ನ ತಾಯಿ ಬಂದವ್ಳೆ!" ಎಂದು ಯಾರೋ ಕೂಗಿದರು. ಜನ ನಕ್ಕರು. ನಾನು — ನಾನು ಹಾರ ಸರಿಮಾಡಿಕೊಂಡೆ.

ನಿನ್ನ ಅಜ್ಜಿಗೆ ಗೊತ್ತಿದೆ ಎನಿಸುತ್ತದೆ. ಓಡುವವನು ಲಿಂಗ ಬಿಚ್ಚಿಕೊಟ್ಟು ಓಡುವುದಿಲ್ಲ. ಹೆದರಿದವನು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ — ಕಂದಕದಲ್ಲಿ ನಾನು ನನ್ನದನ್ನೂ ಅವನದನ್ನೂ ಎದೆಗೆ ಒತ್ತಿಕೊಂಡಿದ್ದ ಹಾಗೆ.

ವಯಸ್ಸು ಚಿಕ್ಕದಿತ್ತು, ತಲೆಯ ಮೇಲೆ ಬಾಂಬು ಬೀಳುತ್ತಿತ್ತು ಎಂದು ಹೇಳಿಕೊಳ್ಳಬಹುದು. ಹೇಳಿಕೊಳ್ಳುವುದಿಲ್ಲ. ಅವನ ತಾಯಿ ಸಾಯುವವರೆಗೂ ಬಾಂಬು ಬೀಳುತ್ತಿರಲಿಲ್ಲವಲ್ಲ.

ಭಾನುವಾರ ಕುದೇರಿಗೆ ಬರುತ್ತೇನೆ. ನಿನ್ನ ಅಜ್ಜಿಯ ಮುಂದೆ, ಊರವರ ಮುಂದೆ ಎಲ್ಲವನ್ನೂ ಹೇಳುತ್ತೇನೆ. ನನ್ನ ಮಗನಿಗೆ ಇನ್ನೂ ತಿಳಿಸಿಲ್ಲ; ಅವನು ಹೇಗೆ ನೋಡುತ್ತಾನೋ ಎಂದು, ಅವನು ಒಳಗೆ ಬಂದಾಗಲೆಲ್ಲ ಈ ಕಾಗದವನ್ನು ಮಗುಚಿ ಇಡುತ್ತೇನೆ. ನನ್ನನ್ನು ನಾನು ಬಲ್ಲೆ, ಮಂಗಳಾ. ಅದಕ್ಕೇ ಇದನ್ನು ಮೊದಲೇ ಬರೆದು ನಿನಗೆ ಕಳಿಸುತ್ತಿದ್ದೇನೆ. ಅವತ್ತು ಬಸ್ಸಿನಿಂದ ನಾನು ಇಳಿಯದಿದ್ದರೆ ಕಾಯಬೇಡ. ಎಲ್ಲರನ್ನೂ ಕೂರಿಸಿ, ನೀನೇ ಓದಿಬಿಡು.